ಕುಂಟ ಕರುವಿನ ಕೊನೆಯ ಪುಟ

“ಅಕ್ಕೋರ, ನಿಮ್ಮ ಕಾಲು ಯಾವಾಗ ನೆಟ್ಟಗಾಕ್ಕೈತ್ರಿ?”

ಮೂರನೇ ತರಗತಿಯ ಗದಿಗೆವ್ವ ಹಾಗೆ ಕೇಳಿದಾಗ, ಬಾಗಿಲಲ್ಲಿ ನಿಂತಿದ್ದ ಕಾಂಚನಾ ಟೀಚರ್ ತನ್ನ ಬಲಗಾಲನ್ನು ನೋಡಿಕೊಂಡಳು.

ಗದಗ ಆಗಷ್ಟೇ ಜಿಲ್ಲೆಯಾಗಿದ್ದ ಕಾಲವದು. ಕಳಸಾಪುರದ ಶಾಲೆಗೆ ಮೊದಲ ಸಲ ಬಣ್ಣದ ಕಥೆ ಪುಸ್ತಕಗಳು ಬಂದಿದ್ದವು. ಆ ಹೊಸ ಕಾಗದದ ವಾಸನೆ ಮೂಸಲೆಂದೇ ಮಕ್ಕಳು ಗಂಟೆ ಬಾರಿಸುವ ಮೊದಲೇ ಬರುತ್ತಿದ್ದರು.

ಹೊಸ ಮೇಷ್ಟ್ರು ಮುತ್ತಣ್ಣ ಅವತ್ತು ಓದಿದ್ದು ಕುಂಟ ಕರುವಿನ ಕಥೆ. ಅದನ್ನು ಯಾವ ಕರುವೂ ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ. ಕೊನೆಯ ಪುಟದಲ್ಲಿ ಸಾಧುವೊಬ್ಬ ಕಾಲು ಸವರುತ್ತಾನೆ. ಕರು ಓಡುತ್ತದೆ, ಎಲ್ಲರೂ ಗೆಳೆಯರಾಗುತ್ತಾರೆ!

ಕಾಂಚನಾಳ ಬಲಗಾಲು ಎಳವೆಯಲ್ಲೇ ಪೋಲಿಯೊದಿಂದ ಸೊರಗಿತ್ತು.

“ನೆಟ್ಟಗಾಗೂದಿಲ್ಲವ್ವಾ, ಹಿಂಗ ಇರತೈತಿ,” ಎಂದವಳು ಮುತ್ತಣ್ಣನತ್ತ ತಿರುಗಿದಳು. “ಏನ್ರಿ ಸರ, ಕಾಲು ನೆಟ್ಟಗಾಗಲಿಲ್ಲಂದ್ರ ಆ ಕರೂಗ ಗೆಳ್ಯಾರ ಸಿಗೂದಿಲ್ಲೇನು?”

ಮುತ್ತಣ್ಣನ ಮುಖ ಪೆಚ್ಚಾಯಿತು. “ಹುಡುಗ್ರಿಗೆ ತಿಳೀಲಿ ಅಂತ ಓದಿದ್ನಿರಿ...”

“ಏನ ತಿಳೀಲಿ ಅಂತ?”

ಜಗಳ ಶುರುವಾದದ್ದೇ ಅಲ್ಲಿಂದ. ಮಧ್ಯಾಹ್ನ ರೊಟ್ಟಿ ಬುತ್ತಿ ಬಿಚ್ಚಿದರೆ ಸಾಕು, ಯಾವ ಕಥೆ ಓದಬೇಕು, ಯಾವುದು ಬೇಡ ಎಂದು ವಾದ. ಅವನು ಸೋತ ದಿನ ಅವಳ ಬುತ್ತಿಗೆ ಅವನ ಶೇಂಗಾ ಚಟ್ನಿ ಬೀಳುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ, ಜಗಳವಾಡದ ದಿನ ಇಬ್ಬರಿಗೂ ಊಟ ಸೇರದಾಯಿತು...

ಹೀಗಿರುವಾಗ ಒಂದು ದಿನ ಮುತ್ತಣ್ಣನ ತಾಯಿ ಅನ್ನಪೂರ್ಣವ್ವ ಕಾಂಚನಾಳ ಮನೆಗೆ ಬಂದರು.

“ನಮ್ಮ ಮುತ್ತು ನಿನ್ನ ಬಿಟ್ಟು ಬ್ಯಾರೆ ಮಾತಾಡೂದಿಲ್ಲವ್ವಾ,” ಎನ್ನುತ್ತ ಸೆರಗಿನ ಗಂಟು ಬಿಚ್ಚಿದರು. ಒಳಗೆ ಬೆರಳುದ್ದದ ಬೆಳ್ಳಿಯ ಕಾಲು! “ಬೆಟಗೇರಿ ಪತ್ತಾರನ ಕಡೆ ಮಾಡಿಸೇನಿ. ವೀರಭದ್ರಗ ಹರಕಿ ಒಪ್ಪಸ್ತೇನಿ. ನಿನ್ನ ಕಾಲು ನೆಟ್ಟಗಾಗ್ಲಿ, ಆಮ್ಯಾಲೆ ನಿಮ್ಮಿಬ್ರ ಲಗ್ನದ ಅಕ್ಕಿಕಾಳು ಹಾಕೂಣು.”

ಮುದುಕಿಯ ಕಣ್ಣಲ್ಲಿ ಕೆಟ್ಟತನವಿರಲಿಲ್ಲ. ಅದಕ್ಕೇ ಕಾಂಚನಾ ಜಗಳವಾಡದೆ ಅವರನ್ನು ಬಾಗಿಲ ತನಕ ಕಳಿಸಿ ಬಂದಳು.

‘ಹಾಗಾದರೆ ಅವನೂ ಕೊನೆಯ ಪುಟಕ್ಕೇ ಕಾಯುತ್ತಿದ್ದಾನೆಯೇ?’

ಮರುದಿನ ಅವಳು ಬುತ್ತಿ ತರಲಿಲ್ಲ. ಮುತ್ತಣ್ಣನೊಂದಿಗೆ ಮಾತನ್ನೂ ಆಡಲಿಲ್ಲ. ಮಧ್ಯಾಹ್ನ ಆ ಕರುವಿನ ಪುಸ್ತಕ ಹಿಡಿದು ತರಗತಿಗೆ ಹೋದಳು. ಕೊನೆಯ ಪುಟ ಬರುವ ಮೊದಲೇ ಮುಚ್ಚಿದಳು.

“ಸಾಧು ಬರಲೇ ಇಲ್ಲ ಅಂತ ತಿಳೀರಿ. ಮುಂದ?”

“ನಾ ಅದನ್ನ ನಮ್ಮ ಹಿತ್ತಲಕ್ಕ ಕರ್ಕೊಂಡ ಹೊಕ್ಕೇನ್ರಿ,” ಎಂದ ಕಳಕಪ್ಪ.

“ನಿಮ್ಮ ಹಿತ್ತಲದಾಗ ಹುಲ್ಲ ಎಲ್ಲೈತಲೇ!” ಎಂದಳು ಗದಿಗೆವ್ವ. “ಅಕ್ಕೋರ, ಓಡೂ ಆಟ ಬಿಟ್ಟು ಬ್ಯಾರೆ ಆಟ ಆಡಿದ್ರಾತು. ಅದಕ್ಯಾಕ ಸಾಧು?”

ತರಗತಿ ನಕ್ಕಿತು. ಕಾಂಚನಾಳ ಕಣ್ಣು ತುಂಬಿತು...

ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದ ಮುತ್ತಣ್ಣ, ಶಾಲೆ ಬಿಟ್ಟ ಮೇಲೆ ಅವಳನ್ನು ಪಡಸಾಲೆಯಲ್ಲಿ ತಡೆದ.

“ನಾ ಏನ ತಪ್ಪ ಮಾಡೇನಿ, ಅದನ್ನರ ಹೇಳ್ರಿ!”

ಅವಳು ಬೆಳ್ಳಿ ಕಾಲಿನ ಸಂಗತಿ ಹೇಳಿದಳು.

“ಖರೇನ ನನಗ ಗೊತ್ತಿಲ್ರಿ. ನಿಮ್ಮ ಮ್ಯಾಲೆ ಮನಸ್ಸಾಗೇತಿ ಅಂತ ಅವ್ವನ ಮುಂದ ಹೇಳಿದ್ದು ಖರೆ. ನಿಮ್ಮ ಮುಂದ ಹೇಳಾಕ ಧೈರ್ಯ ಸಾಲಲಿಲ್ಲ. ಆದ್ರ ಕಾಲಿನ ಮಾತು ನಾ ಆಡಿಲ್ಲ.”

“ಮತ್ತ... ಕನಿಕರ?”

“ಕನಿಕರ ಇದ್ದಾವ ದಿನಾ ಇಷ್ಟು ಜಗಳಾ ಆಡತಾನೇನ್ರಿ?”

ಅವಳಿಗೆ ನಗು ಬಂತು, ಅಳುವೂ ಬಂತು. “ನಿಮ್ಮವ್ವ ಒಪ್ಪಲಿಲ್ಲಂದ್ರ?”

“ಅಕಿ ಕೂಡನೂ ಆಡತೇನಿ, ಜಗಳಾ.”

“ಬ್ಯಾಡ. ನಾನ ಬರತೇನಿ, ಈಗ. ಅತ್ತಿ ಕೂಡ ನಾನ ಮಾತಾಡ್ತೇನಿ.”

ಮುತ್ತಣ್ಣನ ಕಣ್ಣರಳಿತು. “ಯಾರ ಕೂಡ?”

ಕಾಂಚನಾ ನಾಚಿ ಮುಖ ತಿರುಗಿಸಿದಳು. “ಅಂದದ್ದು ಅಂದೆ. ನಡೀರಿ, ಹೊತ್ತಾತು!”