ಕೂಗು ನಿಂತವಳು

ಪ್ರೀತಿ ಕಣ್ಣಿನಿಂದ ಶುರುವಾಗುತ್ತದಂತೆ. ನಮ್ಮ ಹುಡುಗಿಗೆ ಶುರುವಾದದ್ದು ಜಡೆಯಿಂದ... ಅದೂ ಒಬ್ಬ ಅದನ್ನು ಬುಡಸಮೇತ ಕಿತ್ತು ಬರುವ ಹಾಗೆ ಎಳೆದಾಗ.

ಬೇಸಿಗೆ ಸಂಗೀತೋತ್ಸವದ ಮೊದಲ ಮಧ್ಯಾಹ್ನ. ದೊಡ್ಡ ಬಯಲು, ತುದಿಯಲ್ಲಿ ವೇದಿಕೆ, ಅದರ ಮುಂದೆ ಎದೆಯೆತ್ತರದ ಕಬ್ಬಿಣದ ತಡೆಬೇಲಿ. ಬೇಲಿಯ ಆಚೆ ಹಳದಿ ಜಾಕೆಟ್ ತೊಟ್ಟ ಕಾವಲಿನ ಹುಡುಗರು. ಈಚೆ, ಎಲ್ಲರಿಗಿಂತ ಮುಂದೆ, ಇವಳು. ಇವಳ ಬೆನ್ನಿಗೆ ಅಂಟಿಕೊಂಡು ಅಣ್ಣ.

ಅಪ್ಪ ಶಾಲಾ ವ್ಯಾನ್ ಓಡಿಸುವವರು. ರಜೆ ಬಂತೆಂದು ಅದೇ ವ್ಯಾನಿನಲ್ಲಿ ಮನೆಮಂದಿಯನ್ನೆಲ್ಲ ತುಂಬಿಕೊಂಡು ಬಂದಿದ್ದರು. ಅಮ್ಮ ಮರದ ನೆರಳಲ್ಲಿ ಚಾಪೆ ಹಾಸಿಕೊಂಡು ಉಳಿದಳು. ತಂಗಿಯನ್ನು ಒಂಟಿಯಾಗಿ ಬಿಡಬೇಡ ಎಂದು ಅಣ್ಣನಿಗೆ ನೂರು ಸಲ ಹೇಳಿ ಕಳಿಸಿದ್ದಳು. ವೆಲ್ಡಿಂಗ್ ಕೆಲಸದ ಅಣ್ಣ, ತೋಳುಗಳು ಕಬ್ಬಿಣವೇ. ತಂಗಿಯೆಂದರೆ ಪ್ರಾಣ.

ಹೊಸ ಹಾಡು ಶುರುವಾದದ್ದೇ ತಡ, ಹಿಂದಿನಿಂದ ಜನ ನುಗ್ಗಿದರು.

ಬೇಲಿಯ ಸರಳು ಅವಳ ಎದೆಗೆ ಒತ್ತಿತು. ಪಕ್ಕದವರ ಮೊಣಕೈ ಕೆನ್ನೆಗೆ ಬಡಿಯಿತು. ಯಾರದೋ ತಲೆ ಒಡೆದು ರಕ್ತ ಅವಳ ಭುಜಕ್ಕೆ ಸಿಡಿಯಿತು. ಅಣ್ಣ ಹಿಂದಿನಿಂದ ಎರಡೂ ತೋಳುಗಳಲ್ಲಿ ಅವಳನ್ನು ಬಿಗಿಯಾಗಿ ಬಳಸಿ, ನಾನಿದ್ದೀನಿ ಎಂದು ಕಿರುಚುತ್ತಿದ್ದ. ಅವಳೂ ಕಿರುಚುತ್ತಿದ್ದಳು. ಆಮೇಲೆ ಕಿರುಚಲು ಆಗಲಿಲ್ಲ.

ಆಗ ಹಳದಿ ಜಾಕೆಟ್ಟಿನ ಒಬ್ಬ ಬೇಲಿಯ ಮೇಲೆ ಹತ್ತಿದ. ಬೂಟುಗಾಲಿನಿಂದ ಅಣ್ಣನ ಭುಜಕ್ಕೆ ಒದ್ದ. ಮತ್ತೊಮ್ಮೆ ಒದ್ದ. ತೋಳು ಸಡಿಲವಾದದ್ದೇ ಅವಳ ಜಡೆಗೆ, ಕಾಲರಿಗೆ ಕೈ ಹಾಕಿ ಮೂಟೆ ಎತ್ತುವ ಹಾಗೆ ಎಳೆದು ಆಚೆಗೆ ಎಸೆದ. ಅವಳ ಭುಜದ ಕೀಲು ತಪ್ಪಿತು. ಕಣ್ಣು ಕತ್ತಲಿಟ್ಟಿತು.

ಎಚ್ಚರವಾದಾಗ ಅಣ್ಣ ಬೇಲಿ ಹಾರಿ ಬಂದು ಅವನ ಎದೆಯ ಮೇಲೆ ಕೂತಿದ್ದ. ಸ್ಟೀಲ್ ನೀರಿನ ಬಾಟಲಿಯಿಂದ ಅವನ ಮುಖಕ್ಕೆ ಬಾರಿಸುತ್ತಿದ್ದ. ಮೂಗು ಮುರಿದ ಸದ್ದು ಅವಳಿಗೂ ಕೇಳಿಸಿತು. ಉಳಿದ ಕಾವಲಿನವರು ಬಂದು ಅಣ್ಣನನ್ನು ಹಿಡಿದೆಳೆದು ಅವನಿಗೂ ನಾಲ್ಕು ಬಿಗಿದರು.

ಚಿಕಿತ್ಸೆಯ ಡೇರೆಯಲ್ಲಿ ಭುಜ ಕೂರಿಸಿದರು. ಅಪ್ಪ ಕೂಗಾಡಿ ಊರು ಒಂದು ಮಾಡಿದರು. ಮಗಳ ಜಡೆಗೆ ಕೈ ಹಾಕಿದವನನ್ನು ಕೆಲಸದಿಂದ ಕಿತ್ತೊಗೆಯಬೇಕು ಎಂದರು. ಕಾವಲಿನ ಮೇಲ್ವಿಚಾರಕಿ ಬಂದು, ಅವನನ್ನೂ ಎದುರಿಗೆ ನಿಲ್ಲಿಸಿಕೊಂಡು, ನಡೆದದ್ದೇನು ಎಂದು ಇವಳನ್ನೇ ಕೇಳಿದಳು.

ನೋವು, ಅವಮಾನ, ಎದುರಿಗೆ ತುಟಿ ಸೀಳಿದ ಅಣ್ಣ... 'ಬೇಕಂತಲೇ ಎಳೆದ' ಎಂದುಬಿಟ್ಟಳು.

ಮೇಲ್ವಿಚಾರಕಿ ಅವನ ಕಡೆ ತಿರುಗಿದಳು. ಅವನು ಮೂಗಿಗೆ ಬಟ್ಟೆ ಒತ್ತಿಕೊಂಡು ಇವಳನ್ನೊಮ್ಮೆ ನೋಡಿದ. ಬಾಯಿ ಬಿಡಲೇ ಇಲ್ಲ. ಜಾಕೆಟ್ ಬಿಚ್ಚಿ ಮೇಜಿನ ಮೇಲಿಟ್ಟು ಹೊರಟುಹೋದ.

ಯಾಕೆ ಸುಮ್ಮನಿದ್ದ? ಒಂದು ಮಾತಾದರೂ ಆಡಬಾರದಿತ್ತೇ? ಆ ನೋಟ ಇಡೀ ರಾತ್ರಿ ಅವಳನ್ನು ಕಾಡಿತು.

ಮರುದಿನ ಬೆಳಿಗ್ಗೆ, ಬಯಲಿನ ಅಂಚಿನಲ್ಲೇ ನಿಂತಿದ್ದ ವ್ಯಾನಿನ ಹಿಂದಿನ ಸೀಟಿನಲ್ಲಿ ಅಮ್ಮ ಅವಳ ಮೈ ಒರೆಸುತ್ತಿದ್ದಳು. ಪಕ್ಕೆಲುಬಿನ ಕೆಳಗೆ ಬಂದಾಗ ಕೈ ನಿಂತಿತು. ಅಲ್ಲಿ ಪೆಟ್ಟಿನ ಗುರುತು ನೇರಳೆಗಟ್ಟಿ ಮೂಡಿತ್ತು. ದುಂಡನೆಯ ಗುರುತು. ಅದರ ಎರಡೂ ಕಡೆ ಲೋಹದ ಪಟ್ಟಿಯ ಕೊಂಡಿಗಳು, ಒಂದೊಂದಾಗಿ.

ಆ ಕೈಗಡಿಯಾರವನ್ನು ಅಣ್ಣನಿಗೆ ಕೊಡಿಸಿದ್ದು ಅಮ್ಮನೇ.

ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಉಸಿರು ಕಟ್ಟಿಸಿದ್ದು ಬೇಲಿಯಲ್ಲ. ಕಾಪಾಡಲೆಂದು ಬಿಗಿದ ತೋಳು! ಬಿಡು ಅಣ್ಣ ಎಂದು ಹೇಳಲು ತನ್ನ ಎದೆಯಲ್ಲಿ ಗಾಳಿಯೇ ಇರಲಿಲ್ಲ ಎಂಬುದು ಅವಳಿಗೆ ಈಗ ನೆನಪಾಯಿತು.

ಅಮ್ಮ ಬೇಗಬೇಗ ಅಂಗಿ ಎಳೆದು ಮುಚ್ಚಿದಳು.

"ಯಾರ ಹತ್ರಾನೂ ಹೇಳ್ಬೇಡ. ಆ ಹುಡುಗನಿಗೆ ಇನ್ನೊಂದು ಕೆಲಸ ಸಿಗುತ್ತೆ. ನಿಮ್ಮಣ್ಣ ಇದನ್ನ ತಡ್ಕೊಳ್ಳಲ್ಲ ಕಣೇ."

ಅವಳ ಕಣ್ಣು ತುಂಬಿತು. ಅಮ್ಮ ಹೇಳಿದ್ದು ಸುಳ್ಳಲ್ಲ. ಅಣ್ಣನಿಗೆ ಗೊತ್ತಾದರೆ ಅವನು ಜನ್ಮವಿಡೀ ತನ್ನ ಕೈಗಳನ್ನೇ ದ್ವೇಷಿಸುತ್ತಾನೆ. ಗೊತ್ತಾಗದಿದ್ದರೆ... ತನ್ನ ಪ್ರಾಣ ಉಳಿಸಿದವನು ತನ್ನದೇ ಮಾತಿನಿಂದ ಬೀದಿಗೆ ಬೀಳುತ್ತಾನೆ.

ಯೋಚಿಸಲು ಪುರುಸೊತ್ತು ಸಿಗಲಿಲ್ಲ. ಹೊರಗಿನಿಂದ ಅಪ್ಪನ ಕೂಗು ಕೇಳಿಸಿತು. ಆ ಹುಡುಗ ಬಯಲಿನ ಗೇಟಿನ ಹತ್ತಿರ ಬ್ಯಾಗಿನ ಮೇಲೆ ಕೂತು ಬಸ್ಸಿಗೆ ಕಾಯುತ್ತಿದ್ದನಂತೆ. ಕಂಡದ್ದೇ ಅಣ್ಣ ಡೇರೆಯ ಕಬ್ಬಿಣದ ಗೂಟ ಕಿತ್ತುಕೊಂಡು ಓಡಿದ್ದ.

ಅವಳೂ ಬರಿಗಾಲಲ್ಲಿ ಓಡಿದಳು. ಕಟ್ಟಿದ್ದ ತೋಳು ಹೆಜ್ಜೆಹೆಜ್ಜೆಗೂ ಉರಿಯಿತು.

ಅವಳು ತಲುಪುವಷ್ಟರಲ್ಲಿ ಮೊದಲ ಏಟು ಬಿದ್ದಾಗಿತ್ತು. ಆ ಹುಡುಗ ಅಡ್ಡ ಹಿಡಿದ ಮುಂಗೈ ಸೀಳಿ ರಕ್ತ ಸುರಿಯುತ್ತಿತ್ತು. ತಿರುಗಿ ಹೊಡೆಯಲು ಅವನು ಕೈ ಎತ್ತಿರಲಿಲ್ಲ. ಅಣ್ಣ ಮತ್ತೆ ಗೂಟ ಬೀಸಿದ. ಅವಳು ನಡುವೆ ನುಗ್ಗಿದಳು. ಗೂಟ ಅವಳ ಕಿವಿಯ ಪಕ್ಕದಲ್ಲೇ ಹಾದು ಗೇಟಿಗೆ ಬಡಿಯಿತು.

"ಸರಿ ಆಚೆಗೆ," ಎಂದ ಅಣ್ಣ ಏದುಸಿರು ಬಿಡುತ್ತಾ. ಅವನ ಕಣ್ಣಲ್ಲಿ ಅವನೇ ಇರಲಿಲ್ಲ.

ಅವಳು ಅಂಗಿಯ ಅಂಚನ್ನು ಒಂದಿಷ್ಟು ಎತ್ತಿದಳು. ಗೂಟ ಹಿಡಿದಿದ್ದ ಅವನ ಕೈ ಎಳೆದು ಆ ನೇರಳೆ ಗುರುತಿನ ಪಕ್ಕಕ್ಕೆ ತಂದಳು. ಗಡಿಯಾರ, ಕೊಂಡಿ, ಎಲ್ಲವೂ ಒಂದೇ ಅಳತೆ.

"ನೀನು ನನ್ನ ಕಾಪಾಡ್ತಿದ್ದೆ ಅಣ್ಣ. ಅದು ನನಗೆ ಗೊತ್ತು. ಆದ್ರೆ ಉಸಿರು ಕಟ್ಟಿದ್ದು ಇದರಿಂದಾನೇ. ಇವರು ಒದ್ದು ಬಿಡಿಸದೇ ಇದ್ದಿದ್ರೆ... ನಾನು ನಿನ್ನ ತೋಳಲ್ಲೇ ಹೋಗಿಬಿಡ್ತಿದ್ದೆ."

ಗೂಟ ಕೆಳಗೆ ಬಿತ್ತು. ಅಣ್ಣ ತನ್ನ ಕೈಗಳನ್ನೇ ನೋಡಿಕೊಂಡ. ಆಮೇಲೆ ಗಡಿಯಾರ ಕಟ್ಟಿದ್ದ ಆ ಕೈಯನ್ನು ಗೇಟಿನ ಕಬ್ಬಿಣಕ್ಕೆ ಬಡಿದ. ಮತ್ತೆ ಬಡಿದ. ಗಾಜು ಒಡೆದು ಮಣಿಕಟ್ಟಿಗೆ ಚುಚ್ಚಿತು. ನಿಲ್ಲಿಸಿದ್ದು ಅವಳಲ್ಲ, ಅಪ್ಪನೂ ಅಲ್ಲ. ಮುರಿದ ಮೂಗಿನ ಆ ಹುಡುಗ ರಕ್ತ ಸೋರುವ ಕೈಯಿಂದಲೇ ಅವನ ಮಣಿಕಟ್ಟು ಹಿಡಿದುಕೊಂಡ.

"ಗುಂಪಲ್ಲಿ ಎಷ್ಟೋ ಅಪ್ಪಂದಿರು, ಅಣ್ಣಂದಿರು ಹೀಗೇ ಹಿಡ್ಕೋತಾರೆ. ನಿಮ್ಮ ತಪ್ಪಲ್ಲ, ಬಿಡಿ."

ಅಣ್ಣ ನೆಲಕ್ಕೆ ಕುಸಿದು ಮಗುವಿನ ಹಾಗೆ ಅತ್ತ. ಹಿಂದೆಯೇ ಓಡಿಬಂದ ಅಮ್ಮ ಅವನ ತಲೆಯನ್ನು ಮಡಿಲಿಗೆಳೆದುಕೊಂಡಳು. ಮಗಳನ್ನು ಬೈಯಲಿಲ್ಲ. ತಾನು ಮಗನೊಬ್ಬನನ್ನೇ ಲೆಕ್ಕಕ್ಕೆ ತೆಗೆದುಕೊಂಡು ಮಗಳನ್ನು ಮರೆತೆನಲ್ಲ ಎಂದು ಅವಳ ಮನಸ್ಸು ಕುಟುಕುತ್ತಿತ್ತು.

ಮಗಳು ಅಲ್ಲಿಂದಲೇ ನೇರವಾಗಿ ಮೇಲ್ವಿಚಾರಕಿಯ ಬಳಿಗೆ ಹೋಗಿ ತಾನು ಹೇಳಿದ್ದು ತಪ್ಪೆಂದು ಎಲ್ಲರೆದುರು ಒಪ್ಪಿಕೊಂಡಳು. ಇವತ್ತು ಗಾಯಕ್ಕೆ ವಿಶ್ರಾಂತಿ, ನಾಳೆಯಿಂದ ಅವನು ಕೆಲಸಕ್ಕೆ ಬರಲಿ ಎಂದಳು ಆಕೆ.

ಚಿಕಿತ್ಸೆಯ ಡೇರೆಯ ಬೆಂಚಿನಲ್ಲಿ ಅವನ ಮುಂಗೈಗೆ ಹೊಲಿಗೆ ಹಾಕಿ ಮುಗಿಸಿದ್ದರು. ಅವಳು ಪಕ್ಕದಲ್ಲಿ ಕೂತಳು. ದೂರದಲ್ಲಿ ಯಾರೋ ತಂತಿವಾದ್ಯವನ್ನು ಶ್ರುತಿ ಮಾಡುತ್ತಿದ್ದರು.

"ಅಷ್ಟು ಜನ ಕಿರುಚ್ತಿದ್ರು. ನನ್ನನ್ನೇ ಯಾಕೆ ಮೊದಲು ಎತ್ತಿದ್ರಿ?"

"ಕಿರುಚೋರಿಗೆ ಇನ್ನೂ ಉಸಿರಿದೆ ಅಂತ ಅರ್ಥ. ಕೂಗು ನಿಂತವರನ್ನ ಮೊದಲು ಎತ್ತಬೇಕು. ನಮಗೆ ಕಲಿಸೋದೇ ಅದು."

"ಮತ್ತೆ ನಿನ್ನೆ ಅದನ್ನೇ ಹೇಳಬಹುದಿತ್ತಲ್ಲ. ಬಾಯಲ್ಲಿ ಅವಲಕ್ಕಿ ಇತ್ತಾ?"

ಅವನು ನಗಲು ಹೋಗಿ, ಮೂಗು ನೊಂದು, ತಲೆ ತಗ್ಗಿಸಿದ.

"ಇನ್ನೊಂದು ನಿಯಮ ಇದೆ. ಎಲ್ಲರ ಮುಖಾನೂ ನೋಡ್ತಾ ಇರಬೇಕು, ಒಬ್ಬರನ್ನೇ ನೋಡ್ತಾ ನಿಲ್ಲಬಾರದು. ನಾನು ನಿನ್ನೆ ಬೆಳಿಗ್ಗೆಯಿಂದ ನಿಮ್ಮೊಬ್ಬರನ್ನೇ ನೋಡ್ತಿದ್ದೆ. ಅದಕ್ಕೇ ನೀವು ಸುಮ್ಮನಾಗಿದ್ದು ತಕ್ಷಣ ಗೊತ್ತಾಯ್ತು. ಆ ಹೊತ್ತಲ್ಲಿ ಬೇರೆ ಯಾರಾದ್ರೂ ಸುಮ್ಮನಾಗಿದ್ದಿದ್ರೆ? ತಪ್ಪು ಮಾಡಿದ್ದೆ. ಯಾವ ಮುಖ ಇಟ್ಕೊಂಡು ವಾದ ಮಾಡ್ಲಿ?"

ಈ ಸಲ ಯಾರೂ ಒತ್ತುತ್ತಿರಲಿಲ್ಲ, ಆದರೂ ಉಸಿರು ಸಿಕ್ಕಿಕೊಂಡಿತು.

"ಇವತ್ತು ನಿಮಗೆ ಡ್ಯೂಟಿ ಇಲ್ಲ ಅಲ್ವಾ?"

"ಇಲ್ಲ."

"ಹಾಗಾದ್ರೆ ನೋಡಿ," ಎಂದಳು ಅವಳು.

ಊದಿಕೊಂಡ ಒಂದು ಕಣ್ಣು, ಊದದ ಒಂದು ಕಣ್ಣು, ಎರಡನ್ನೂ ಎತ್ತಿ ಅವನು ಅವಳನ್ನು ನೋಡಿದ.