ಕೆಂಚಮ್ಮನ ಸರಿಸಮ ಸಲಾಕೆಗಳು

ಬಹಳ ಹಿಂದೆ, ಬೆಟ್ಟಗಳು ಬೇಸರವಾದಾಗ ಜಾಗ ಬದಲಾಯಿಸುತ್ತಿದ್ದ ಕಾಲದಲ್ಲಿ, ಕಿಡಿಗಲ್ಲು ಎಂಬ ರಾಜ್ಯವಿತ್ತು. ಆ ರಾಜ್ಯದ ಕುಲುಮೆ ಬೀದಿಯಲ್ಲಿ ಕೆಂಚಮ್ಮ ಎಂಬ ಕಮ್ಮಾರಗಿತ್ತಿ ಇದ್ದಳು. ಅವಳ ಗಂಡ ನಂಜಾಚಾರಿ. ಅವನೂ ಕಮ್ಮಾರನೇ, ಕೈಕೆಲಸ ಚಿನ್ನದಂಥದ್ದು. ಬಾಯಿಗೆ ಮಾತ್ರ ಅಗುಳಿಯೇ ಇರಲಿಲ್ಲ.

ಅದೇ ರಾಜ್ಯದ ಕಾಡಿನಲ್ಲಿ ಧೂಮಾಂಗನೆಂಬ ಮಾಂತ್ರಿಕನಿದ್ದ. ಅವನ ಮೈಯೆಲ್ಲ ಹೊಗೆ. ದಿನಾ ದೀಪ ಹಚ್ಚುವ ಹೊತ್ತಿಗೆ ಊರಿಗೆ ಬಂದು ಒಲೆಗಳ ಬಿಸಿಯನ್ನೆಲ್ಲ ಹೀರಿಕೊಂಡು ಹೋಗುತ್ತಿದ್ದ. ಬೆಂಕಿ ಉರಿಯುತ್ತಿತ್ತು, ಆದರೆ ಅನ್ನ ಬೇಯುತ್ತಿರಲಿಲ್ಲ, ಕಬ್ಬಿಣ ಕಾಯುತ್ತಿರಲಿಲ್ಲ. ಕಾಳಮ್ಮನ ಗುಡಿಯ ದೀಪದಲ್ಲಿ ಮಾತ್ರ ಬಿಸಿ ಉಳಿದಿತ್ತು, ಏಕೆಂದರೆ ಆ ಹೊಸ್ತಿಲನ್ನು ಅವನು ದಾಟುವಂತಿರಲಿಲ್ಲ. ಊರವರು ನೆನೆಸಿದ ಅಕ್ಕಿ ತಿಂದುಕೊಂಡು ಸುಮ್ಮನಿದ್ದರು. ನಂಜಾಚಾರಿ ಸುಮ್ಮನಿದ್ದಾನೆಯೇ? ನಡುಬೀದಿಯಲ್ಲಿ ನಿಂತು, "ಲೋ ಹಸಿಸೌದೆ ಹೊಗೆ, ನಿಂಗೆ ಮಾನ ಇದ್ರೆ ಒಂದು ಸಲ ನೆಲದ ಮೇಲೆ ಕಾಲೂರಿ ನಿಂತ್ಕೊಳ್ಳೋ!" ಎಂದು ಕೂಗಿದ.

"ಕೂಗೋ ಆಸೆ ಅಷ್ಟಿದ್ರೆ ಕೂಗ್ತಾನೇ ಇರು," ಎಂದು ಧೂಮಾಂಗ ಅವನನ್ನು ಹುಂಜ ಮಾಡಿದ. ಹುಂಜಕ್ಕೆ ಮನುಷ್ಯರ ಮಾತು ಉಳಿಯಿತು, ಬಾಲದಲ್ಲಿ ಮೂರು ಗರಿ ಉಳಿದವು. "ನನ್ನ ಮೇಲೆ ಯಾರು ಕೈ ಮಾಡಿದ್ರೂ ಸಲಕ್ಕೊಂದು ಗರಿ ಕಿತ್ಕೊಂಡು ಹೋಗ್ತೀನಿ. ಮೊದಲ್ನೇ ಗರಿ ಜೊತೆ ಇವನ ಕಸುಬು ಹೋಗುತ್ತೆ. ಎರಡ್ನೇದ್ರ ಜೊತೆ ಹೆಂಡತಿ ನೆನಪು. ಮೂರ್ನೇದೂ ಹೋದ್ರೆ ಇವನು ಬರೀ ಕೋಳಿ," ಎಂದು ಹೇಳಿ ಹೋದ.

ಕೆಂಚಮ್ಮ ಹಣೆ ಹಣೆ ಚಚ್ಚಿಕೊಂಡಳು. "ಊರಲ್ಲಿ ಅಷ್ಟು ಜನ ಇದ್ರಲ್ಲ, ನಿಮಗೇ ಯಾಕ್ರೀ ಬೇಕಿತ್ತು?"

"ಯಾರಾದ್ರೂ ಹೇಳ್ಬೇಕಲ್ಲ ಕಣೇ," ಎಂದಿತು ಹುಂಜ, ಕತ್ತು ಕೊಂಕಿಸಿ.

ಅವಳ ಮನೆಯಲ್ಲಿ ತವರಿನಿಂದ ಬಳುವಳಿಯಾಗಿ ಬಂದ ಒಂದು ಗರಗಸದ ಉಡವಿತ್ತು. ಅದರ ಬಾಯೊಳಗೆ ಸರದಂತೆ ಹಲ್ಲುಗಳ ಸಾಲು. ಬಾಯಿ ತೆರೆದರೆ ಆ ಸಾಲು ಗಿರ್ರನೆ ಸುತ್ತಿ ತಣ್ಣಗಿನ ಕಬ್ಬಿಣವನ್ನೂ ಕೊಯ್ಯುತ್ತಿತ್ತು. ಬೀದಿಯ ಬೇರೆ ಕಮ್ಮಾರರು ಗರಗಸದ ಮೊಸಳೆಗಳನ್ನು ಕಂಬಕ್ಕೆ ಕಟ್ಟಿ ಸಾಕುತ್ತಿದ್ದರು, ಅವನ್ನು ಕದಲಿಸುವುದು ಆನೆಗೂ ಆಗದ ಕೆಲಸ. ಉಡವನ್ನಾದರೆ ಕಂಕುಳಲ್ಲಿ ಇರುಕಿಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಅದರ ಒಂದೇ ದೋಷವೆಂದರೆ, ಹೇಳಬೇಕಾದ್ದನ್ನು ಕೆಲಸ ಕೆಟ್ಟ ಮೇಲೆ ಹೇಳುತ್ತಿತ್ತು.

"ಹೊಗೆಯವನನ್ನ ಹಿಡಿಯೋದಕ್ಕೆ ದಾರಿ ಇದೆ," ಎಂದಿತು ಉಡ. "ಸಲಾಕೆಗಳನ್ನ ಒಂದೇ ಉದ್ದಕ್ಕೆ ಕೊಯ್ದು, ಕೆಂಡದ ಸುತ್ತ ನಿಲ್ಸು. ಸರಿಸಮ ಇರೋ ಎರಡು ಕಬ್ಬಿಣದ ನಡುವೆ ಅವನು ನುಸುಳೋ ಹಂಗಿಲ್ಲ, ಮೇಲಿಂದ ಹಾರೋ ಹಂಗೂ ಇಲ್ಲ. ಒಂದು ಕೂದಲೆಳೆ ಹೆಚ್ಚುಕಮ್ಮಿ ಆದ್ರೆ ಬಾಗಿಲು ತೆಗೆದಿಟ್ಟ ಹಂಗೆ."

"ಅಷ್ಟೇ ತಾನೆ?" ಎಂದಳು ಕೆಂಚಮ್ಮ. ಅಷ್ಟೇ ಎಂದುಕೊಂಡು ಶುರುಮಾಡಿದ ಕೆಲಸ ಎಲ್ಲಿಯಾದರೂ ಅಷ್ಟಕ್ಕೇ ಮುಗಿದದ್ದುಂಟೇ?

ಉದ್ದನೆಯ ಕಂಬಿಗಳನ್ನು ಅಂಗಳಕ್ಕೆ ತಂದು, ಮರದ ದಿಮ್ಮಿಗೆ ಬೆಣೆ ಹೊಡೆದು ಬಿಗಿದು, ಗೆರೆ ಎಳೆದು, ಉಡದ ಬಾಯನ್ನು ಗೆರೆಗೆ ಕೊಟ್ಟಳು. ಮೊದಲ ಸಲಾಕೆ ತುಂಡಾದ ಕೂಡಲೇ ಬೀದಿಯ ಯಜಮಾನ ಹಿರಿಯಾಚಾರಿ ಬಂದು ಅದನ್ನು ಕಣ್ಣಿಗೊತ್ತಿಕೊಂಡು ಕಾಳಮ್ಮನ ಗುಡಿಗೆ ಒಯ್ದ. ಕುಲುಮೆ ಬೀದಿಯ ಪದ್ಧತಿ ಅದು. ಮೊದಲ ಕೊಯ್ತ ಅಮ್ಮನಿಗೆ ಸೇರಿದ್ದು, ಅದನ್ನು ಆಮೇಲೆ ಯಜಮಾನನ ಹೊರತು ಯಾರೂ ಮುಟ್ಟುವಂತಿಲ್ಲ. ಉಳಿದವಕ್ಕೆ ಹಿಂದಿನ ಸಲಾಕೆಯೇ ಮುಂದಿನದಕ್ಕೆ ಅಳತೆ.

ಕೆಂಚಮ್ಮನಿಗೆ ಮೈಯೆಲ್ಲ ಕೋಪ. ಧೂಮಾಂಗನ ಮೇಲೆ ಕೋಪ, ಗಂಡನ ಬಾಯಿಯ ಮೇಲೆ ಕೋಪ, ಪುರುಪುರು ಅಂತ ನಿಧಾನವಾಗಿ ಕೊಯ್ಯುವ ಉಡದ ಮೇಲೂ ಕೋಪ. ಬೇಗ ಮುಗಿಯಲೆಂದು ಉಡದ ಬೆನ್ನಿನ ಮೇಲೆ ಎರಡೂ ಕೈಯೂರಿ ಅದುಮಿದಳು. ಉಡ ಬಾಯಿತುಂಬ ಕಬ್ಬಿಣ ಕಚ್ಚಿಕೊಂಡು "ಮ್ಮ್ ಮ್ಮ್" ಎಂದಿತು. ಕೇಳುವ ವ್ಯವಧಾನ ಅವಳಿಗೆಲ್ಲಿ? ಸಂಜೆಯ ಹೊತ್ತಿಗೆ ಸಲಾಕೆಗಳು ಸಿದ್ಧವಾದವು. ಬೀದಿಯಲ್ಲಿ ದುಂಡಗೆ ನಿಲ್ಲಿಸಿ, ಬಾಗಿಲಿನಷ್ಟು ಜಾಗ ಬಿಟ್ಟು, ಗುಡಿಯ ದೀಪದಿಂದ ಹೊತ್ತಿಸಿದ ಕೆಂಡವನ್ನು ನಡುವೆ ಇಟ್ಟಳು.

ಧೂಮಾಂಗ ಬಂದ. ಕೆಂಡ ಕಂಡು ಬಾಯಲ್ಲಿ ನೀರೂರಿ ಒಳಗೆ ನುಗ್ಗಿದ. ಕೆಂಚಮ್ಮ ಕೊನೆಯ ಸಲಾಕೆಗಳನ್ನು ನೆಟ್ಟು ಸುತ್ತು ಮುಚ್ಚಿದಳು. ಅವನು ಒಂದು ಸುತ್ತು ಸುತ್ತಿ ನೋಡಿ ಗಹಗಹಿಸಿ ನಕ್ಕ. ಸಲಾಕೆಗಳ ತುದಿಗಳೆಲ್ಲ ಓರೆ. ಒಂದು ಬಲಕ್ಕೆ ವಾಲಿತ್ತು, ಇನ್ನೊಂದು ಎಡಕ್ಕೆ. "ಬಾಚಣಿಗೆ ಮಾಡಿದ್ಯಾ ತಾಯಿ? ನನಗೆ ಕೂದಲಿಲ್ಲವಲ್ಲ!" ಎಂದು ಸಲೀಸಾಗಿ ಹೊರಗೆ ಬಂದು, ಹುಂಜದ ಗರಿಯೊಂದನ್ನು ಕಿತ್ತುಕೊಂಡು ಹೋದ.

"ಅದುಮಬಾರ್ದಿತ್ತು," ಎಂದಿತು ಉಡ. "ನನ್ನ ಮೈಭಾರ ನನಗೆ ಸಾಕು. ಮೇಲಿಂದ ಒತ್ತಿದ್ರೆ ಹಲ್ಲು ಸೊಟ್ಟಗಾಗಿ ಗೆರೆ ಬಿಟ್ಟು ಹೋಗುತ್ತೆ."

"ಮೊದಲೇ ಬೊಗಳೋದಕ್ಕೆ ಏನಾಗಿತ್ತು ನಿಂಗೆ?"

"ಬಾಯಲ್ಲಿ ಕಬ್ಬಿಣ ಇತ್ತಲ್ಲಮ್ಮ."

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಸಲಾಕೆಯೂ ಬರುವುದಿಲ್ಲ. ಹುಂಜ ಜಗಲಿಯ ಮೇಲಿದ್ದ ಸುತ್ತಿಗೆಯನ್ನು ಕುಕ್ಕಿ ನೋಡಿ, "ಇದೇನೇ ಕೆಂಚಿ, ತಿನ್ನೋದಾ?" ಎಂದು ಕೇಳಿತು. ರಾಜನ ಕತ್ತಿಗೆ ಹದ ಹಾಕಿದ್ದ ಮನುಷ್ಯ! ಕೆಂಚಮ್ಮ ಒಳಗೆ ಹೋಗಿ ಹೊಸ ಕಂಬಿ ತಂದಳು.

ಈ ಸಲ ಅವಳು ಅದುಮಲಿಲ್ಲ. ಉಡವನ್ನು ಮೆತ್ತಗೆ ಹಿಡಿದು, ಅದು ತನ್ನ ಭಾರಕ್ಕೆ ತಾನೇ ಇಳಿಯಲು ಬಿಟ್ಟಳು. ಕೋಪ ಏರಿದಾಗ ನಿಲ್ಲಿಸಿದಳು, ಇಳಿದ ಮೇಲೆ ಮತ್ತೆ ಹಿಡಿದಳು. ಮೊದಲನೆಯದನ್ನು ಹಿರಿಯಾಚಾರಿ ಗುಡಿಗೆ ಒಯ್ದು, ಹಳೆಯದರ ಜಾಗದಲ್ಲಿಟ್ಟ. ಎರಡನೆಯದರ ಪಕ್ಕ ಮೂರನೆಯದನ್ನಿಟ್ಟು ಗೆರೆ ಎಳೆದಳು, ಮೂರನೆಯದರ ಪಕ್ಕ ನಾಲ್ಕನೆಯದನ್ನಿಟ್ಟು ಗೆರೆ ಎಳೆದಳು. ಹೀಗೆ ಕೊಯ್ಯುತ್ತಾ ಹೋದಳು. ಕೊಯ್ದ ಮುಖ ಕನ್ನಡಿಯಂತೆ ನುಣ್ಣಗೆ, ನೇರವಾಗಿ ಬಂತು. ಪಕ್ಕಪಕ್ಕ ಹಿಡಿದರೆ ಅವಳಿ ಮಕ್ಕಳ ಹಾಗೆ ಕಂಡವು. ಕೆಂಚಮ್ಮನಿಗೆ ಅಂದು ಮೊದಲ ಸಲ ನಗು ಬಂತು.

ಮರುದಿನ ಸಂಜೆ ಧೂಮಾಂಗ ಬಂದ, ಕೆಂಡಕ್ಕೆ ನುಗ್ಗಿದ. ಅವಳು ಸುತ್ತು ಮುಚ್ಚಿದಳು, ಮುಚ್ಚಿದವಳೇ ಎದೆ ಒಡೆದು ನಿಂತಳು. ಪಕ್ಕದ್ದಕ್ಕೆ ಪಕ್ಕದ್ದು ಸಮವಾಗಿಯೇ ಕಾಣುತ್ತಿತ್ತು. ಆದರೆ ಸುತ್ತು ಕೂಡುವ ಕಡೆ ಕೊನೆಯ ಸಲಾಕೆ ಶುರುವಿನದಕ್ಕಿಂತ ಒಂದು ಬೆರಳು ಎತ್ತರ! ಪ್ರತಿಯೊಂದು ಗೆರೆಯ ದಪ್ಪವೂ ಮುಂದಿನ ಸಲಾಕೆಗೆ ಸೇರುತ್ತಾ, ಸೇರುತ್ತಾ, ಸುತ್ತಿಡೀ ಏರುತ್ತಾ ಹೋಗಿತ್ತು. ಅವಳಿಗೆ ಮೈ ಪರಚಿಕೊಳ್ಳುವಂತಾಯಿತು.

"ಹೋದ ಸಲ ಬಾಚಣಿಗೆ, ಈ ಸಲ ಮೆಟ್ಟಿಲು! ಮುದುಕನಿಗೆ ಅನುಕೂಲ ಮಾಡಿಕೊಟ್ಟೆ, ಪುಣ್ಯ ಬರ್ಲಿ ನಿಂಗೆ," ಎಂದು ಧೂಮಾಂಗ ಸಲಾಕೆಗಳ ತಲೆ ಮೇಲೆ ಒಂದೊಂದೇ ಹೆಜ್ಜೆಯಿಟ್ಟು ಹತ್ತಿ, ಎರಡನೆಯ ಗರಿ ಕಿತ್ತುಕೊಂಡು ಹೋದ.

"ಇದನ್ನಾದ್ರೂ ಹೇಳ್ಬಾರ್ದಿತ್ತಾ?" ಎಂದು ಕೆಂಚಮ್ಮ ಉಡದ ಮೇಲೆ ಹರಿಹಾಯ್ದಳು.

"ಗೆರೆ ತೋರಿಸಿದ ಕಡೆ ಕಚ್ಚೋದು ನನ್ನ ಕೆಲಸ. ಗೆರೆ ಎಳೆದವಳು ನೀನು."

ಹುಂಜ ಅವಳ ಕಾಲ ಬಳಿ ಬಂತು. ತಲೆಯೆತ್ತಿ ನೋಡಿ, "ಯಾರಮ್ಮ ನೀನು?" ಎಂದಿತು. "ಒಳ್ಳೆಯವಳ ಹಂಗೆ ಕಾಣ್ತೀಯ. ನಾಲ್ಕು ಕಾಳಿದ್ರೆ ಹಾಕು."

ಕೆಂಚಮ್ಮ ಮಡಿಲಲ್ಲಿದ್ದ ಅಕ್ಕಿಯನ್ನು ಅದರ ಮುಂದೆ ಚೆಲ್ಲಿ, ಗೋಡೆಗೆ ಮುಖ ಮಾಡಿ ಅತ್ತಳು. ಮದುವೆಯಾದಾಗಿನಿಂದ ಆ ಬಾಯಿಯನ್ನು ಬೈದುಕೊಂಡು ಬಂದವಳು, ಇಂದು ಅದೇ ಬಾಯಿಂದ ಒಂದು ಬೈಗುಳವಾದರೂ ಬಂದಿದ್ದರೆ ಸಾಕಿತ್ತು ಎನ್ನಿಸಿತು ಅವಳಿಗೆ.

ಬೆಳಗಾಗುತ್ತಲೇ ಹಿರಿಯಾಚಾರಿಯ ಬಾಗಿಲು ಬಡಿದಳು. "ದೊಡ್ಡಪ್ಪ, ಗುಡಿಯಲ್ಲಿರೋ ಮೊದಲ್ನೇ ಸಲಾಕೆ ಕೊಡಿ. ಎಲ್ಲಾನೂ ಅದೊಂದಕ್ಕೇ ಅಳೀಬೇಕು."

"ಅಮ್ಮನಿಗೆ ಕೊಟ್ಟಿದ್ದನ್ನ ಹಿಂದಕ್ಕೆ ಕೇಳ್ತಾರೇನಮ್ಮ? ಹಿಂದಿನದು ಮುಂದಿನದಕ್ಕೆ ಅಳತೆ. ನಮ್ಮಪ್ಪ ಹಂಗೇ ಮಾಡ್ದ, ಅವರಪ್ಪನೂ ಹಂಗೇ ಮಾಡ್ದ."

"ಅದಕ್ಕೇ ಈ ಬೀದೀಲಿ ಒಂದು ಕಿಟಕೀನೂ ನೆಟ್ಟಗೆ ಮುಚ್ಚಲ್ಲ!"

"ಎಂಥಾ ಬಾಯಿ! ನಂಜನ ಹೆಂಡತಿ ಅಂತ ಹೇಳೋದೇ ಬೇಡ," ಎಂದು ಮುದುಕ ಕದ ಹಾಕಿಕೊಂಡ.

ಕೆಂಚಮ್ಮ ಬೀದಿಯಲ್ಲಿ ನಿಂತು ಹಲ್ಲು ಕಡಿದಳು. ಸಲಾಕೆ ಗುಡಿಯಿಂದ ಹೊರಗೆ ಬರುವುದಿಲ್ಲ. ಸರಿ. ಬಾರದಿದ್ದರೆ ಬೇಡ. ಕಂಬಕ್ಕೆ ಕಟ್ಟಿದ ಮೊಸಳೆಯಿದ್ದವರು ತಲೆ ಮೇಲೆ ಕೈ ಹೊತ್ತು ಕೂರಬೇಕಿತ್ತು, ಅವಳೇಕೆ ಕೂರಬೇಕು? ಉಡವನ್ನು ಕಂಕುಳಲ್ಲಿ ಇರುಕಿದಳು, ಕಂಬಿಗಳ ಹೊರೆ ತಲೆಗೇರಿಸಿದಳು, ಹುಂಜವನ್ನು ಬುಟ್ಟಿಯಲ್ಲಿ ಹಾಕಿಕೊಂಡಳು, ನೆಟ್ಟಗೆ ಗುಡಿಯ ಒಳಗೇ ಹೋದಳು.

"ಅಮ್ಮಾ, ನಿನ್ನದನ್ನ ನಾನು ಮುಟ್ಟಲ್ಲ. ಪಕ್ಕದಲ್ಲಿ ಕೂತ್ಕೊಂಡು ನನ್ನ ಕೆಲಸ ಮಾಡ್ಕೋತೀನಿ," ಎಂದಳು. ಕಾಳಮ್ಮ ಬೇಡವೆನ್ನಲಿಲ್ಲ.

ಅಮ್ಮನ ಪಾದದ ಬಳಿ ಮೊದಲ ಸಲಾಕೆ ಮಲಗಿತ್ತು, ಒಂದು ತುದಿ ಹಿಂದಿನ ಕಲ್ಲುಗೋಡೆಗೆ ತಾಗಿತ್ತು. ಇನ್ನೊಂದು ತುದಿಯ ನೇರಕ್ಕೆ, ಸ್ವಲ್ಪ ಪಕ್ಕದಲ್ಲಿ, ಕೆಂಚಮ್ಮ ಒಂದು ಭಾರದ ಚಪ್ಪಡಿಯನ್ನಿಟ್ಟು ಅಲುಗದಂತೆ ಬೆಣೆ ಹೊಡೆದಳು. ಇನ್ನು ಗೆರೆಯ ಗೊಡವೆಯೇ ಇಲ್ಲ. ಕಂಬಿಯ ತುದಿಯನ್ನು ಗೋಡೆಗೆ ಮುಟ್ಟಿಸುವುದು, ಬಿಗಿಯುವುದು, ಉಡದ ಕೆನ್ನೆಯನ್ನು ಚಪ್ಪಡಿಯ ಹೊರಮೈಗೆ ಒರಗಿಸುವುದು, ಕೊಯ್ಯುವುದು. ಮುಂದಿನದಕ್ಕೂ ಅದೇ ಗೋಡೆ, ಅದೇ ಚಪ್ಪಡಿ.

"ಅಮ್ಮನ ಸಲಾಕೆಗಿಂತ ನನ್ನ ಕೆನ್ನೆಯಷ್ಟು ಉದ್ದ ಬರುತ್ತೆ," ಎಂದಿತು ಉಡ. ಆಶ್ಚರ್ಯವೆಂದರೆ, ಈ ಸಲ ಮೊದಲೇ ಹೇಳಿತು.

"ಬರ್ಲಿ ಬಿಡು. ಎಲ್ಲಾನೂ ಅಷ್ಟೇ ಉದ್ದ ಬಂದ್ರೆ ಸಾಕು."

ಕೆಲಸ ಸಾಗಿತು. ಒಂದು ಕಂಬಿಯನ್ನು ಗೋಡೆಗೆ ತಳ್ಳಿದಾಗ ಮಾತ್ರ ಟಣ್ ಎನ್ನಲಿಲ್ಲ, ಮೆತ್ತಗೆ ಕರ್ ಎಂದಿತು. ಕೆಂಚಮ್ಮ ಬಗ್ಗಿ ನೋಡಿದಳು. ಕೊಯ್ದ ಕಬ್ಬಿಣದ ಪುಡಿ ಗೋಡೆಯ ಬುಡದಲ್ಲಿ ಸೇರಿತ್ತು. ಅದರ ಮೇಲೆ ಒರಗಿದ ಕಂಬಿ ಅಷ್ಟೇ ಕಡಿಮೆ ಬರುತ್ತಿತ್ತು! ಅವಳು ಕೂಡಲೇ ಕಂಬಿಯನ್ನು ಹಿಂದಕ್ಕೆಳೆದಳು. ಅಷ್ಟರಲ್ಲಿ ಹುಂಜ ಬುಟ್ಟಿಯಿಂದಿಳಿದು, ರಾಗಿಕಾಳೆಂದುಕೊಂಡು ಆ ಪುಡಿಯನ್ನು ಟಕಟಕ ಹೆಕ್ಕಿ ತಿಂದಿತು. ಕಲ್ಲು ಹೊಳೆಯಿತು. ಪ್ರತಿ ಸಲಾಕೆಯಾದ ಮೇಲೂ ಹುಂಜ ಹೆಕ್ಕಿತು, ಪ್ರತಿ ಕಂಬಿಯೂ ಟಣ್ ಎಂದಿತು.

"ಏನೂ ಗೊತ್ತಿಲ್ಲದೇ ಇದ್ದಾಗಲೇ ಸರಿಯಾಗಿ ಕೆಲಸ ಮಾಡ್ತೀರಲ್ರೀ," ಎಂದು ಕೆಂಚಮ್ಮ ಕಣ್ಣೊರೆಸಿಕೊಂಡಳು.

ಸಂಜೆ ಗುಡಿಯ ಮುಂದೆಯೇ ಸಲಾಕೆಗಳು ನಿಂತವು, ಕೆಂಡ ಹೊಳೆಯಿತು. ಹುಂಜ ಗುಡಿಯ ಮುಂದಿನ ತೊಲೆಯ ಮೇಲೆ ಹಾರಿ ಕೂತಿತು. ಧೂಮಾಂಗ ನಗುತ್ತಲೇ ಬಂದ. "ಇವತ್ತೇನು, ತೊಟ್ಟಿಲು ಮಾಡಿದ್ಯಾ?" ಎನ್ನುತ್ತಾ ಒಳನುಗ್ಗಿ ಕೆಂಡದ ಬಿಸಿ ಹೀರತೊಡಗಿದ. ಕೆಂಚಮ್ಮ ಸುತ್ತು ಮುಚ್ಚಿದಳು.

ಅವನು ಒಂದು ಸುತ್ತು ಬಂದ. ಇನ್ನೊಂದು ಸುತ್ತು ಬಂದ. ನಗು ನಿಂತಿತು. ಎಡಕ್ಕೆ ಮೂಗು ತೂರಿಸಿದ, ಬಲಕ್ಕೆ ಬೆರಳು ತೂರಿಸಿದ, ಮೇಲಕ್ಕೆ ಹಾರಿದ. ಎಲ್ಲಿಯೂ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ. ಇತ್ತ ಕುಡಿದ ಬಿಸಿ ಒಳಗೆ ಉಬ್ಬತೊಡಗಿತು. ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನ ಪಾಡು, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

"ಬಿಡು ತಾಯಿ! ಕೇಳಿದ್ದು ಕೊಡ್ತೀನಿ!"

"ಕೇಳಿ ಕೇಳಿ ಸಾಕಾಗಿದೆ ನಂಗೆ. ನುಂಗಿದ್ದನ್ನ ಕಕ್ಕು."

ಅವನು ಕೆಮ್ಮಿದ. ಮೊದಲ ಕೆಮ್ಮಿಗೆ ಊರಿನ ಒಲೆಗಳ ಬಿಸಿಯೆಲ್ಲ ಹೊರಬಿದ್ದು ಮನೆಮನೆಗೆ ಓಡಿತು. ಎರಡನೆಯ ಕೆಮ್ಮಿಗೆ ಎರಡು ಗರಿಗಳು ಹೊರಬಿದ್ದವು. ಮೂರನೆಯ ಕೆಮ್ಮಿಗೆ ಅವನೇ ಮುಗಿದು, ಒಂದು ಚಿಟಿಕೆ ಮಸಿಯಾಗಿ ನೆಲಕ್ಕೆ ಬಿದ್ದ. ಕೆಂಚಮ್ಮ ಪೊರಕೆ ತಂದು ಗುಡಿಸಿದಳು.

ಅಷ್ಟರಲ್ಲಿ ದಢ್ ಎಂದು ಸದ್ದಾಯಿತು. ತೊಲೆಯ ಮೇಲೆ ಹುಂಜ ಕೂರಬಹುದು, ಆಳೆತ್ತರದ ನಂಜಾಚಾರಿ ಕೂರಲಾದೀತೇ?

"ಅಯ್ಯಯ್ಯೋ, ನನ್ನ ಸೊಂಟ! ಏ ಕೆಂಚಿ, ಎಲ್ಲಿ ಸತ್ತೆ? ಬಂದು ಎತ್ತಬಾರ್ದೇನೇ?"

ಕೆಂಚಮ್ಮ ಪೊರಕೆ ಬಿಸಾಡಿ ಓಡಿದಳು. ಎತ್ತಲಿಲ್ಲ. ಅವನ ಪಕ್ಕ ನೆಲದ ಮೇಲೆ ಕುಕ್ಕರಿಸಿ, ಬೆನ್ನಿಗೆ ನಾಲ್ಕು ಗುದ್ದಿದಳು, ಆಮೇಲೆ ಅವನ ತೋಳು ಹಿಡಿದುಕೊಂಡಳು.

"ಇನ್ನೊಂದು ಸಲ ಬೈರೀ," ಎಂದಳು.

ಅವನು ಅವಳ ಮುಖ ನೋಡಿದ. ಜೀವಮಾನದಲ್ಲಿ ಮೊದಲ ಬಾರಿಗೆ, ಬೈಯುವ ಬದಲು ಅವಳ ಕೆನ್ನೆಗೆ ಅಂಟಿದ್ದ ಮಸಿಯನ್ನು ಒರೆಸಿದ. ಊರಿನಲ್ಲಿ ಒಂದೊಂದೇ ಮನೆಯಿಂದ ಅನ್ನ ಬೇಯುವ ವಾಸನೆ ಬರತೊಡಗಿತು. ಹಿರಿಯಾಚಾರಿಯೇ ಒಂದು ತಟ್ಟೆ ಬಿಸಿ ಅನ್ನ ತಂದು ಅವರಿಬ್ಬರ ಮುಂದಿಟ್ಟ. ಕಿಡಿಗಲ್ಲಿನವರು ಅಂದಿನಿಂದ ಹೊಟ್ಟೆತುಂಬ ಉಂಡು ಸುಖವಾಗಿದ್ದರು. ಕೆಂಚಮ್ಮ ನಂಜಾಚಾರಿಯರೂ ದಿನಾ ಜಗಳವಾಡಿಕೊಂಡು ಬಹುಕಾಲ ಚೆನ್ನಾಗಿ ಬಾಳಿದರು.