ನಾಲ್ಕು ನಿಮಿಷದ ಚಿತಾಗಾರ

ಚಿತಾಗಾರದ ಹೊಸ ಯಂತ್ರದ ಬಾಗಿಲು ಮುಚ್ಚಿತು. ಮೃತರ ಮಗ ಕಣ್ಣೊರೆಸಿಕೊಳ್ಳಲು ಕರವಸ್ತ್ರ ಹುಡುಕಿದ. ಅದು ಸಿಗುವಷ್ಟರಲ್ಲಿ ಬೂದಿಯ ಕುಡಿಕೆ ಅವನ ಕೈಗೆ ಬಂತು.

ಮೂವತ್ತು ವರ್ಷದಿಂದ ಅಲ್ಲಿ ಕೆಲಸ ಮಾಡುತ್ತಿದ್ದ ಚಿಕ್ಕಬೋರಯ್ಯ ಬೆರಗಾದ. ಹಳೆಯ ಯಂತ್ರಕ್ಕೆ ಎರಡು ಗಂಟೆ ಬೇಕಾಗುತ್ತಿತ್ತು.

"ಬೆಂಕಿ ಜೋರು ಮಾಡಿದ್ದೀರಾ ಮೇಡಮ್?"

"ಇಲ್ಲ, ಮೊದಲಿಗಿಂತ ಕಡಿಮೆ," ಎಂದರು ಯಂತ್ರ ರೂಪಿಸಿದ ರಸಾಯನ ವಿಜ್ಞಾನಿ ಡಾ. ಇಂದುಮುಖಿ. "ಯಾವ ವಸ್ತುವೂ ಆಮ್ಲಜನಕದ ಜೊತೆ ಸೇರಿ ಉರಿಯೋಕೆ ಮೊದಲು ಒಂದಿಷ್ಟು ಕಾವು ಕೊಡಬೇಕು. ಅದೇ ಸಕ್ರಿಯಣ ಶಕ್ತಿ. ಒಳಗೋಡೆಗೆ ಬಳಿದಿರೋ ವೇಗವರ್ಧಕ ಸುಲಭದ ದಾರಿ ತೋರಿಸುತ್ತೆ, ಅಷ್ಟು ಕಾವು ಬೇಕಾಗಲ್ಲ. ಕೆಲಸ ಬೇಗ ಮುಗಿಯುತ್ತೆ. ಲೇಪ ಮಾತ್ರ ಖರ್ಚಾಗಲ್ಲ."

"ನಮ್ಮ ಮೇಸ್ತ್ರಿನೂ ಹಂಗೇ," ಎಂದ ಬೋರಯ್ಯ. "ಎಲ್ಲರ ಕೈಲೂ ಕೆಲಸ ಮಾಡಿಸ್ತಾನೆ, ತಾನು ಬೆವರಲ್ಲ."

ನಗರಸಭೆ ಹಿಗ್ಗಿ 'ಶೀಘ್ರ ಮುಕ್ತಿ' ಎಂಬ ಫಲಕ ಹಾಕಿಸಿತು. ಮಂತ್ರಿಗಳ ಶ್ರದ್ಧಾಂಜಲಿ ಭಾಷಣ ಮೃತರ ಬಾಲ್ಯಕ್ಕೆ ಬರುವಷ್ಟರಲ್ಲಿ ಮೃತರು ಕುಡಿಕೆ ಸೇರಿರುತ್ತಿದ್ದರು.

ಒಂದು ಬೆಳಿಗ್ಗೆ ಅಣ್ಣತಮ್ಮಂದಿರಿಬ್ಬರು ತಾಯಿಯ ದೇಹ ತಂದರು. ಅವರಿಬ್ಬರ ನಡುವೆ ಹನ್ನೊಂದು ವರ್ಷದಿಂದ ಮಾತಿಲ್ಲವೆಂದು ನೆಂಟರು ಪಿಸುಗುಟ್ಟಿದರು. ಇಬ್ಬರೂ ಒಂದೊಂದು ಕಂಬಕ್ಕೆ ಒರಗಿ ನಿಂತಿದ್ದರು. ಅಂಥವರನ್ನು ಬೋರಯ್ಯ ಬಹಳ ಕಂಡಿದ್ದ. ಹಳೆಯ ಯಂತ್ರದ ಮುಂದೆ ಮೊದಲ ಗಂಟೆ ಮುಖ ತಿರುಗಿಸಿಕೊಂಡಿದ್ದವರು ಎರಡನೆಯ ಗಂಟೆಗೆ ಪಕ್ಕಪಕ್ಕ ಕೂರುತ್ತಿದ್ದರು. ಈಗ ಬೂದಿ ಹಂಚಿಕೊಂಡು ನಡೆದುಬಿಡುತ್ತಾರೆ.

ಅವನು ತಾಯಿಯ ಬೂದಿ ತುಂಬಿ ಸಿದ್ಧವಾಗಿದ್ದ ಕುಡಿಕೆಯನ್ನು ಮೇಜಿನ ಕೆಳಗಿಟ್ಟು ಹೊರಬಂದ.

"ಯಂತ್ರ ಕಾದುಬಿಟ್ಟದೆ ಸ್ವಾಮಿ. ಆರಿ ಬೂದಿ ತೆಗೆಯೋಕೆ ಎರಡು ಗಂಟೆ ಆಯ್ತದೆ."

ಬಿಸಿಲೇರಿತು. ನೆರಳಿದ್ದದ್ದು ಒಂದೇ ಬೆಂಚಿಗೆ. ಬಹಳ ಹೊತ್ತಿನ ಮೇಲೆ ತಮ್ಮ, ಎದುರಿನ ಗೋಡೆಯನ್ನೇ ಕೇಳುವಂತೆ, "ಕೊನೆಗೆ ಅವ್ವ ಏನಾದ್ರೂ ಅಂದ್ಲಾ?" ಎಂದ.

"ನಿನ್ನ ಮಂಡಿನೋವು ಹೆಂಗದೆ ಅಂತ ಕೇಳಿದ್ಲು," ಎಂದ ಅಣ್ಣ. ಬೆಂಚಿನ ಮೇಲೆ ಅವನು ತಮ್ಮನತ್ತ ತುಸು ಸರಿದ.

ಅಂದಿನಿಂದ ಯಂತ್ರ ದಿನವೂ ಕಾಯತೊಡಗಿತು.

ದೂರು ಹೋಗಿ ಇಂದುಮುಖಿ ತಪಾಸಣೆಗೆ ಬಂದರು. "ಲೇಪ ಚೆನ್ನಾಗೇ ಇದೆ. ತಡ ಯಾಕೆ ಬೋರಯ್ಯ?"

ಬೋರಯ್ಯ ಮೇಜಿನ ಕೆಳಗಿನ ಕುಡಿಕೆ ತೋರಿಸಿ ಕಿಟಕಿಯತ್ತ ಕೈ ಮಾಡಿದ. ಬಂದಾಗ ದೂರ ದೂರ ನಿಂತಿದ್ದ ಅತ್ತೆ ಸೊಸೆ ಈಗ ಹೊರಗೆ ಒಂದೇ ಬೆಂಚಿನ ಮೇಲಿದ್ದರು; ಅತ್ತೆ ಕುಡಿದು ಕೊಟ್ಟ ಬಾಟಲಿಯಿಂದ ಸೊಸೆ ನೀರು ಕುಡಿಯುತ್ತಿದ್ದಳು.

"ಇವರಿಗೂ ಒಸಿ ಕಾವು ಬೇಕು ಮೇಡಮ್. ಅದಕ್ಕೆ ನಿಮ್ಮ ಲೇಪ ಇಲ್ವಲ್ಲ."

ಇಂದುಮುಖಿ ಕಿಟಕಿಯ ಬಳಿಗೆ ಕುರ್ಚಿ ಎಳೆದುಕೊಂಡರು. ಆಮೇಲೆ ಅಲ್ಲೇ ಕೂತು ವರದಿ ಬರೆದರು: "ಪ್ರತಿ ದಹನದ ಬಳಿಕ ಯಂತ್ರವನ್ನು ಎರಡು ಗಂಟೆ ತಣಿಸಿದ ಮೇಲೆಯೇ ಬೂದಿ ಕೊಡುವುದು ಕಡ್ಡಾಯ."

ನಗರಸಭೆ ವರದಿಯನ್ನು ಒಪ್ಪಿತು. ಆ ಎರಡು ಗಂಟೆಯನ್ನು ಎರಡು ನಿಮಿಷಕ್ಕೆ ಇಳಿಸಲು ಮರುವಾರವೇ ಸಮಿತಿ ರಚಿಸಿ, ಇಂದುಮುಖಿಯವರನ್ನೇ ಅಧ್ಯಕ್ಷರನ್ನಾಗಿ ನೇಮಿಸಿತು. ಸಮಿತಿಯ ಮೊದಲ ಸಭೆಯನ್ನು ಅವರು ಇನ್ನೂ ಕರೆದಿಲ್ಲ.